ಕೊರಿಯಾದಲ್ಲಿ ಸಂಸಾರ ಹೂಡುವ ಮುನ್ನ

ದಕ್ಷಿಣ ಕೊರಿಯಾಕ್ಕೆ ಓದಲೋ ಕೆಲಸಕ್ಕೋ ಹೋಗುವವರು ಪೆಟ್ಟಿಗೆ ತುಂಬುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅದು ಅಲ್ಲಿನ ಅಕ್ಷರ ಕಲಿಯುವುದು. ಹಂಗುಲ್ ಎಂಬ ಆ ಲಿಪಿಯಲ್ಲಿ ಮೂಲಾಕ್ಷರಗಳು ಇರುವುದೇ 24: ವ್ಯಂಜನ 14, ಸ್ವರ 10. ದಿನಕ್ಕೊಂದು ಗಂಟೆ ಕೂತರೆ ವಾರ ಹತ್ತು ದಿನದಲ್ಲಿ ತಡವರಿಸಿಕೊಂಡಾದರೂ ಓದಲು ಬರುತ್ತದೆ. ಅಷ್ಟನ್ನೂ ಮಾಡದೆ ವಿಮಾನ ಹತ್ತಿದವರು ಕಸದ ಚೀಲ, ಬಸ್ಸಿನ ಬೋರ್ಡು, ಮಾತ್ರೆಯ ಪೊಟ್ಟಣ, ಮನೆ ಬೆಚ್ಚಗೆ ಮಾಡುವ ಯಂತ್ರದ ಗುಂಡಿ ಎಲ್ಲದರ ಮುಂದೆಯೂ ಪಕ್ಕದವರ ಮುಖ ನೋಡುತ್ತ ನಿಲ್ಲಬೇಕಾಗುತ್ತದೆ. ವಿಮಾನ ನಿಲ್ದಾಣದಲ್ಲೂ ಮೆಟ್ರೊದಲ್ಲೂ ಇಂಗ್ಲಿಷ್ ಬೋರ್ಡುಗಳಿವೆ. ಮನೆಯ ಬಾಗಿಲಿನಿಂದ ತರಕಾರಿ ಅಂಗಡಿಯವರೆಗಿನ ದಾರಿಯಲ್ಲಿ ಇರುವುದು ಕೊರಿಯನ್ ಮಾತ್ರ. ದಿನದ ಬದುಕು ನಡೆಯುವುದು ಆ ದಾರಿಯಲ್ಲಿಯೇ.

ಕರ್ನಾಟಕದಿಂದ ಅಲ್ಲಿಗೆ ಹೋಗುವವರಲ್ಲಿ ಎಂಜಿನಿಯರುಗಳು, ಸಂಶೋಧಕರು, ವಿದ್ಯಾರ್ಥಿಗಳು ಮುಖ್ಯರು. ಸ್ಯಾಮ್‌ಸಂಗ್ ಕಂಪನಿಯ ಬೆಂಗಳೂರಿನ ಸಂಶೋಧನಾ ಕೇಂದ್ರ ಶುರುವಾದದ್ದು 1996ರಲ್ಲಿ. ಅಂಥ ಕಚೇರಿಗಳಿಂದ ಸೋಲ್ ಪಕ್ಕದ ಸುವೊನ್ ನಗರಕ್ಕೆ ವರ್ಗವಾಗಿ ಹೋಗುವವರಿದ್ದಾರೆ. ರಸಾಯನಶಾಸ್ತ್ರ, ಜೀವವಿಜ್ಞಾನಗಳಲ್ಲಿ ಪಿಎಚ್.ಡಿ. ಮುಗಿಸಿ ದೇಜೊನ್, ಪೊಹಾಂಗ್, ಉಲ್ಸಾನ್ ನಗರಗಳ ಪ್ರಯೋಗಾಲಯಗಳಿಗೆ ಹೋಗುವವರಿದ್ದಾರೆ. ಇವರ ಜೊತೆಯಲ್ಲಿ ಹೆಂಡತಿ, ಗಂಡ, ಮಕ್ಕಳು ಹೊರಡುತ್ತಾರೆ. ಕೊರಿಯಾ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಹೋಗುವ ವಿದ್ಯಾರ್ಥಿ ಮೊದಲ ಒಂದು ವರ್ಷ ಭಾಷೆಯನ್ನೇ ಕಲಿಯಬೇಕು. ಟೋಪಿಕ್ ಎಂಬ ಭಾಷಾ ಪರೀಕ್ಷೆಯಲ್ಲಿ ಆರು ಹಂತಗಳಿದ್ದು, ಮೂರನೆಯದನ್ನು ದಾಟಿದ ಮೇಲೆಯೇ ಪದವಿ ತರಗತಿಗೆ ಪ್ರವೇಶ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಕಾರ್ಖಾನೆ, ತೋಟ, ಮೀನುಗಾರಿಕೆಯ ಕೆಲಸಕ್ಕೆ ಕೊರಿಯಾ ಕೊಡುವ ಇ-9 ವೀಸಾ ಆ ದೇಶದೊಂದಿಗೆ ಒಪ್ಪಂದ ಮಾಡಿಕೊಂಡಿರುವ ದೇಶಗಳವರಿಗೆ ಮಾತ್ರ ಸಿಗುತ್ತದೆ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಹುಡುಗರಿಗೆ ಯಾರಾದರೂ ಕೊರಿಯಾದಲ್ಲಿ ಫ್ಯಾಕ್ಟರಿ ಕೆಲಸ ಕೊಡಿಸುತ್ತೇನೆಂದು ಹೇಳಿ ಮುಂಗಡ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬಾರದು. ಪ್ರವಾಸಿ ವೀಸಾದಲ್ಲಿ ಹೋಗಿ ದುಡಿಯಬಹುದು ಎಂಬ ಮಾತೂ ಸುಳ್ಳು. ಸಿಕ್ಕಿಬಿದ್ದರೆ ಗಡೀಪಾರು, ಮತ್ತೆ ಪ್ರವೇಶಕ್ಕೆ ತಡೆ.

ಅಕ್ಷರದ ವಿಷಯಕ್ಕೆ ಬಂದರೆ, ಹಂಗುಲ್ ತಾನಾಗಿ ಬೆಳೆದು ಬಂದ ಲಿಪಿಯಲ್ಲ. ದೊರೆ ಸೆಜೊಂಗ್ 1443ರಲ್ಲಿ ಅದನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದ. ಚೀನೀ ಅಕ್ಷರ ಕಲಿಯಲಾಗದ ಸಾಮಾನ್ಯ ಜನಕ್ಕೂ ಓದು ಬರಹ ಬರಲಿ ಎಂಬುದು ಉದ್ದೇಶ. ಅಕ್ಟೋಬರ್ 9 ಇಂದಿಗೂ ಅಕ್ಷರದ ಹೆಸರಿನಲ್ಲಿ ಸಾರ್ವತ್ರಿಕ ರಜೆ. 10,000 ವೊನ್ ನೋಟಿನ ಮೇಲೆ ಇರುವುದು ಆ ದೊರೆಯ ಮುಖ. ಅಕ್ಷರಗಳನ್ನು ಇಂಗ್ಲಿಷಿನಂತೆ ಸಾಲಾಗಿ ಬರೆಯುವುದಿಲ್ಲ, ಉಚ್ಚಾರಾಂಶಕ್ಕೊಂದು ಗಂಟು ಕಟ್ಟುತ್ತಾರೆ. ಕೊನೆಯ ವ್ಯಂಜನ ಆ ಗಂಟಿನ ಕೆಳಗೆ ಕೂರುತ್ತದೆ. ಒತ್ತಕ್ಷರ ಬರೆದು ಪಳಗಿದ ಕೈಗೆ ಇದು ಕಷ್ಟವಾಗದು.

ಉಚ್ಚಾರದಲ್ಲಿ ತೊಡಕಾಗುವುದು ಕ, ಗಗಳ ಜಾಗದಲ್ಲಿ. ಇದಕ್ಕೆ ಬಂಡೀಪುರದ ಅಂಚಿನವರಿಗೆ ಮನೆಯ ಪಕ್ಕದಲ್ಲೇ ಉದಾಹರಣೆ ಇದೆ. ಗುಂಡ್ಲುಪೇಟೆಯಿಂದ ಹೊರಟು ಮದ್ದೂರಿನ ಚೆಕ್‌ಪೋಸ್ಟು ದಾಟಿ ಹೋದರೆ ಕೇರಳದ ಸುಲ್ತಾನ್ ಬತ್ತೇರಿ. ಗುಂಡ್ಲುಪೇಟೆಯಿಂದ ಇನ್ನೊಂದು ರಸ್ತೆ ಹಿಡಿದರೆ ಕಾಡು ದಾಟಿ ತಮಿಳುನಾಡಿನ ಗೂಡಲೂರು. ಕನ್ನಡಿಗರು ಗೂಡಲೂರು ಎನ್ನುವ ಊರು ತಮಿಳರ ಬಾಯಲ್ಲಿ ಕೂಡಲೂರು. ತಮಿಳಿಗೆ ಕ, ಗ ಎರಡಕ್ಕೂ ಒಂದೇ ಅಕ್ಷರ, ಎಲ್ಲಿ ಬರುತ್ತದೆ ಎಂಬುದರ ಮೇಲೆ ಉಚ್ಚಾರ. ಕೊರಿಯನ್ನಿನಲ್ಲೂ ಹಾಗೆಯೇ: ಪದದ ಮೊದಲಲ್ಲಿ ಆ ಅಕ್ಷರ ಕ ಮತ್ತು ಗದ ನಡುವೆ ಕೇಳಿಸುತ್ತದೆ, ಸ್ವರಗಳ ನಡುವೆ ಸಿಕ್ಕಿದರೆ ಸ್ಪಷ್ಟವಾಗಿ ಗ. ಪ, ಬಗಳ ಕತೆಯೂ ಇದೇ. ಹಳೆಯ ನಕ್ಷೆಗಳಲ್ಲಿ ಪುಸಾನ್ ಎಂದಿದ್ದ ಬಂದರು 2000ದಲ್ಲಿ ರೋಮನ್ ಬರಹದ ನಿಯಮ ಬದಲಾದ ಮೇಲೆ ಬುಸಾನ್ ಆಯಿತು. ಊರಿನವರ ಬಾಯಲ್ಲಿ ಏನೂ ಬದಲಾಗಲಿಲ್ಲ.

ವಾಕ್ಯದ ಕಟ್ಟು ಇನ್ನೂ ಹತ್ತಿರ. ಇಂಗ್ಲಿಷ್ ಮಾತನಾಡುವವನು ಕೊರಿಯನ್ ಕಲಿಯುವಾಗ ತಲೆಯೊಳಗಿನ ವಾಕ್ಯವನ್ನು ತಿರುವಿ ಹಾಕಬೇಕು, ಕನ್ನಡಿಗನಿಗೆ ಆ ಕಷ್ಟವಿಲ್ಲ. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಪದದ ಬಾಲಕ್ಕೆ ಅಂಟುತ್ತದೆ. ಮನೆ ‘ಜಿಪ್’, ಮನೆಗೆ ‘ಜಿಬೆ’, ಮನೆಯಿಂದ ‘ಜಿಬೆಸೊ’. ಕನ್ನಡದಲ್ಲಿ ತಿಂದು ನೋಡಿ ಎನ್ನುತ್ತೇವೆ, ಆ ಮಾತಿನಲ್ಲಿ ತಿನ್ನುವುದು ಬಾಯಿ, ನೋಡುವುದು ಕಣ್ಣಲ್ಲ. ಕೊರಿಯನ್ನರೂ ‘ಮೊಗೊ ಬ್ವಾಯೊ’ ಎನ್ನುತ್ತಾರೆ: ಮೊಗೊ ಎಂದರೆ ತಿಂದು, ಬ್ವಾಯೊ ಎಂದರೆ ನೋಡಿ. ಮಾಡಿಕೊಡಿ ಎನ್ನಲು ‘ಹೆ ಜುಸೆಯೊ’, ಅಂದರೆ ಮಾಡಿ, ಕೊಡಿ. ಹೋಗಿಬಿಟ್ಟ ಎಂಬುದರ ‘ಬಿಟ್ಟ’ಕ್ಕೂ ಅಲ್ಲಿ ‘ಬೊರಿದ’ ಎಂಬ ಸಹಾಯಕ ಕ್ರಿಯಾಪದ ಉಂಟು. ಅಪ್ಪನಿಗೆ ಅಲ್ಲಿಯೂ ‘ಅಪ್ಪ’, ಅಮ್ಮನಿಗೆ ‘ಒಮ್ಮ’, ನಾನು ‘ನಾ’. ಬಾ ಎನ್ನಲು ‘ವಾ’ ಎನ್ನುವುದು ಕೇಳಿದರೆ ಗಡಿಭಾಗದವರಿಗೆ ವಯನಾಡಿನ ಮಾತೇ ನೆನಪಾಗುತ್ತದೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಪಾದ್ರಿ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಒಂದು ವ್ಯಾಕರಣವನ್ನೇ ಬರೆದರು. ಎರಡಕ್ಕೂ ರಕ್ತಸಂಬಂಧವಿದೆ ಎಂಬುದನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲ. ಆದರೂ ಕಲಿಯುವವರಿಗೆ ಈ ಹೋಲಿಕೆಯ ಲಾಭ ನಿಜವಾದದ್ದು. ಇಂಗ್ಲಿಷ್ ಮೂಲಕ ಕೊರಿಯನ್ ಕಲಿಯುವುದು ಊರೆಲ್ಲ ಸುತ್ತಿ ಪಕ್ಕದ ಮನೆಗೆ ಹೋದಂತೆ. ಪ್ರತಿ ವಾಕ್ಯವನ್ನೂ ಕನ್ನಡದಿಂದಲೇ ನೇರವಾಗಿ ಹೊಂದಿಸಿಕೊಳ್ಳುವುದು ಜಾಣತನ. ಅಲ್ಲಿ ಹೋದ ಮೇಲೆ ನ್ಯಾಯಾಂಗ ಸಚಿವಾಲಯದ ಸಮಾಜ ಏಕೀಕರಣ ಕಾರ್ಯಕ್ರಮದಲ್ಲಿ ವಿದೇಶಿಯರಿಗೆ ಹಂತ ಹಂತವಾಗಿ ಭಾಷೆ ಕಲಿಸುತ್ತಾರೆ. ಮುಂದೆ ವೀಸಾ ಬದಲಿಸುವಾಗಲೂ ಆ ಪ್ರಮಾಣಪತ್ರ ಉಪಯೋಗಕ್ಕೆ ಬರುತ್ತದೆ.

ಕಾಗದಪತ್ರದ ಕೆಲಸ ಊರಲ್ಲೇ ಶುರುವಾಗುತ್ತದೆ. ಪದವಿ ಪ್ರಮಾಣಪತ್ರ, ಸಂಸಾರ ಕರೆದೊಯ್ಯುವವರಾದರೆ ವಿವಾಹ ನೋಂದಣಿ ಪತ್ರ ಮತ್ತು ಮಕ್ಕಳ ಜನನ ಪತ್ರ, ಇವಕ್ಕೆ ರಾಜ್ಯಮಟ್ಟದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ ಬೇಕು. ದೇವಸ್ಥಾನದಲ್ಲೋ ಛತ್ರದಲ್ಲೋ ಮದುವೆಯಾಗಿ ನೋಂದಣಿ ಮಾಡಿಸದೆ ಬಿಟ್ಟವರು ಉಪ ನೋಂದಣಾಧಿಕಾರಿ ಕಚೇರಿಗೆ ಮೊದಲೇ ಹೋಗಿಬರುವುದು ಒಳ್ಳೆಯದು, ವೀಸಾ ಅರ್ಜಿಯ ಹೊತ್ತಿಗೆ ಓಡಾಡಿದರೆ ವಾರಗಟ್ಟಲೆ ತಡ. ಭಾರತದಿಂದ ಹೋಗಿ ದೀರ್ಘಕಾಲ ಉಳಿಯುವವರು ಕ್ಷಯರೋಗದ ತಪಾಸಣೆಯ ವರದಿಯನ್ನೂ ಕೊಡಬೇಕಾಗುತ್ತದೆ.

ಅಲ್ಲಿ ಇಳಿದ ಮೇಲೆ ಎಲ್ಲಕ್ಕೂ ಬೀಗದ ಕೈ ನಿವಾಸಿ ಕಾರ್ಡು. 90 ದಿನಕ್ಕಿಂತ ಹೆಚ್ಚು ಇರುವವರು ಬಂದ 90 ದಿನದೊಳಗೆ ವಲಸೆ ಕಚೇರಿಯಲ್ಲಿ ನೋಂದಾಯಿಸಿಕೊಂಡು ಈ ಕಾರ್ಡು ಪಡೆಯಬೇಕು. ‘ಹೈಕೊರಿಯಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ದಿನ ಗೊತ್ತು ಮಾಡಿಕೊಂಡೇ ಹೋಗಬೇಕು. ಸೋಲ್ ಸುತ್ತಮುತ್ತ ದಿನ ಸಿಗುವುದು ತಡವಾಗುವುದರಿಂದ ಬಂದ ವಾರದಲ್ಲೇ ಬುಕ್ ಮಾಡಬೇಕು. ಕಾರ್ಡು ಬಂದ ಮೇಲೆ ಸ್ವಂತ ಹೆಸರಿನ ಮೊಬೈಲ್, ಆಮೇಲೆ ಬ್ಯಾಂಕ್ ಖಾತೆ. ಈ ಕ್ರಮ ತಪ್ಪಿದರೆ ಕೆಲಸ ಮುಂದೆ ಹೋಗುವುದಿಲ್ಲ, ಏಕೆಂದರೆ ಅಂಗಡಿಯ ಆ್ಯಪಿನಿಂದ ಆಸ್ಪತ್ರೆಯವರೆಗೆ ಎಲ್ಲವೂ ಮೊಬೈಲ್ ಮೂಲಕವೇ ಗುರುತು ಖಚಿತಪಡಿಸಿಕೊಳ್ಳುತ್ತವೆ. ಹೊಸ ಖಾತೆಯಲ್ಲಿ ಮೊದಮೊದಲು ದಿನಕ್ಕೆ ಇಷ್ಟೇ ಹಣ ತೆಗೆಯಬಹುದೆಂಬ ಮಿತಿ ಇರುತ್ತದೆ. ಸಂಬಳದ ದಾಖಲೆ ತೋರಿಸಿದರೆ ಸಡಿಲವಾಗುತ್ತದೆ. ಮನೆ ಬದಲಿಸಿದರೆ 15 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು, ಮರೆತರೆ ದಂಡ.

ಹೆಸರಿನ ವಿಷಯದಲ್ಲಿ ಹಳೇ ಮೈಸೂರು ಕಡೆಯವರಿಗೆ ವಿಶೇಷ ತೊಂದರೆಯಿದೆ. ಎಂ. ಮಹದೇವಸ್ವಾಮಿ ಎಂಬ ಹೆಸರಿನ ‘ಎಂ’ ಊರೋ ತಂದೆಯೋ ಎಂಬುದು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆ ಇರುತ್ತದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗವೇ ಖಾಲಿ. ಕೊರಿಯಾದ ಗಣಕಯಂತ್ರಗಳಿಗೆ ಮೂರಕ್ಷರದ ಹೆಸರು ರೂಢಿ. ಬ್ಯಾಂಕಿನವರು ಹೆಸರನ್ನು ಹಿಂದುಮುಂದು ಮಾಡಿ ಬರೆದರೆ, ನಡುವಿನ ಜಾಗ ಬಿಟ್ಟುಬಿಟ್ಟರೆ, ಮೊಬೈಲಿನ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಾಗುವುದಿಲ್ಲ. ಆದ್ದರಿಂದ ಎಲ್ಲೆಡೆಯೂ ನಿವಾಸಿ ಕಾರ್ಡಿನಲ್ಲಿ ಇರುವಂತೆಯೇ, ಅದೇ ಕ್ರಮದಲ್ಲಿ, ಅದೇ ಜಾಗ ಬಿಟ್ಟು ಬರೆಸಬೇಕು. ಪಾಸ್‌ಪೋರ್ಟು ಸರಿಪಡಿಸುವುದಿದ್ದರೆ ಊರಲ್ಲೇ ಮಾಡಿಸಿಕೊಂಡು ಹೊರಡುವುದು ಲೇಸು.

ಮನೆ ಹಿಡಿಯುವ ಪದ್ಧತಿ ಅನ್ಯ ದೇಶದವರಿಗೆ ವಿಚಿತ್ರವೆನಿಸಿದರೂ ಭೋಗ್ಯ ಗೊತ್ತಿರುವ ನಾಡಿನವರಿಗೆ ಪರಿಚಿತವೇ. ‘ಜೊನ್ಸೆ’ ಎಂಬ ಪದ್ಧತಿಯಲ್ಲಿ ಮನೆಯ ಬೆಲೆಯ ಅರ್ಧಕ್ಕೂ ಮಿಕ್ಕಿದ ದೊಡ್ಡ ಮೊತ್ತವನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೆ ಇಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ಹಣ ವಾಪಸು. ಬೆಂಗಳೂರು, ಮೈಸೂರಿನಲ್ಲಿ ಲೀಸಿಗೆ ಮನೆ ಹಾಕಿಕೊಳ್ಳುವುದು ಇದನ್ನೇ. ‘ವೊಲ್ಸೆ’ಯಲ್ಲಿ ಸ್ವಲ್ಪ ಮುಂಗಡ, ತಿಂಗಳಿಗೆ ಬಾಡಿಗೆ. ಹೊಸಬರಿಗೆ ವೊಲ್ಸೆಯೇ ಸುರಕ್ಷಿತ. ಮನೆಯ ಬೆಲೆ ಬಿದ್ದಾಗ, ಮಾಲೀಕ ಸಾಲಗಾರನಾದಾಗ ಭೋಗ್ಯದ ಹಣ ಮುಳುಗುವ ಭಯ ಅಲ್ಲಿಯೂ ಇದೆ. ಜೊನ್ಸೆ ವಂಚನೆಗಳು ಎಷ್ಟು ಹೆಚ್ಚಿದವೆಂದರೆ ಸಂತ್ರಸ್ತರ ನೆರವಿಗೆ 2023ರಲ್ಲಿ ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ಇಲ್ಲಿ ಜಮೀನು ಕೊಳ್ಳುವ ಮುನ್ನ ಇ.ಸಿ. ಎಂಬ ಋಣಭಾರ ಪತ್ರ ತೆಗೆಸುವ ಹಾಗೆ ಅಲ್ಲಿ ‘ದುಂಗಿಬು’ ಎಂಬ ನೋಂದಣಿ ದಾಖಲೆ ತೆಗೆಸಿ, ಮನೆಯ ಮೇಲೆ ಅಡಮಾನವಿದೆಯೇ, ಸಹಿ ಹಾಕುವವನೇ ಮಾಲೀಕನೇ ಎಂದು ನೋಡಬೇಕು. ಕರಾರಿನ ಮೇಲೆ ಸರ್ಕಾರಿ ಕಚೇರಿಯ ದಿನಾಂಕದ ಮುದ್ರೆ ಹಾಕಿಸಿ, ವಿಳಾಸ ನೋಂದಾಯಿಸಿ, ವಾಸ ಶುರು ಮಾಡಿದ ಬಾಡಿಗೆದಾರನಿಗೆ ಆನಂತರ ಮಾಲೀಕನಿಗೆ ಸಾಲ ಕೊಟ್ಟವರಿಗಿಂತ ಮೊದಲ ಹಕ್ಕು ಸಿಗುತ್ತದೆ. ಬಾಡಿಗೆಯಲ್ಲದೆ ‘ಗ್ವಾಲ್ಲಿಬಿ’ ಎಂಬ ನಿರ್ವಹಣಾ ವೆಚ್ಚ ಬೇರೆ ಇರುತ್ತದೆ, ಅದರಲ್ಲಿ ಏನೇನು ಸೇರಿದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಮನೆಯೊಳಗೆ ಕಾಲಿಟ್ಟರೆ ಮೊದಲು ತಿಳಿಯಬೇಕಾದದ್ದು ನೆಲ. ಬಾಗಿಲ ಬಳಿ ಒಂದು ಮೆಟ್ಟಿಲು ತಗ್ಗಿನಲ್ಲಿ ಚಪ್ಪಲಿ ಬಿಡುವ ಜಾಗ. ಅಲ್ಲಿಂದ ಮುಂದೆ ಬರಿಗಾಲು. ‘ಒಂದೊಲ್’ ಎಂಬುದು ನೆಲ ಕಾಯಿಸುವ ಪದ್ಧತಿ. ಹಿಂದೆ ಅಡುಗೆ ಒಲೆಯ ಹೊಗೆಯನ್ನು ನೆಲದ ಕಲ್ಲುಚಪ್ಪಡಿಗಳ ಅಡಿಯಿಂದ ಹಾಯಿಸಿ ಹೊರಗೆ ಬಿಡುತ್ತಿದ್ದರು. ಈಗ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ. ಸೋಲ್‌ನಲ್ಲಿ ಜನವರಿಯ ಸರಾಸರಿ ಉಷ್ಣತೆಯೇ ಸೊನ್ನೆಗಿಂತ ಕೆಳಗೆ, ರಾತ್ರಿ ಮೈನಸ್ 10ಕ್ಕೂ ಇಳಿಯುವುದುಂಟು. ಚಾಪೆ ಹಾಸಿ ನೆಲದ ಮೇಲೆ ಮಲಗುವುದು ಬಡತನದ ಗುರುತಲ್ಲ, ಮನೆಯಲ್ಲೇ ಬೆಚ್ಚಗಿನ ಜಾಗ ಅದು. ಗೋಡೆಯ ಮೇಲಿನ ನಿಯಂತ್ರಕದಲ್ಲಿ ‘ಒಯೆಚುಲ್’ ಎಂಬ ಗುಂಡಿ ಇರುತ್ತದೆ, ಹೊರಗೆ ಹೋಗಿದ್ದೇವೆ ಎಂದರ್ಥ. ಚಳಿಗಾಲದಲ್ಲಿ ಊರಿಗೆ ಬರುವವರು ಗ್ಯಾಸ್ ಉಳಿಸಲು ಯಂತ್ರವನ್ನು ಪೂರ್ತಿ ಆರಿಸಿ ಬಂದರೆ ಕೊಳವೆ ಹೆಪ್ಪುಗಟ್ಟಿ ಒಡೆಯಬಹುದು, ಆ ಖರ್ಚು ಬಾಡಿಗೆದಾರನ ತಲೆಗೆ ಬರಬಹುದು. ಆ ಒಂದು ಗುಂಡಿ ಒತ್ತಿ ಬರಬೇಕು. ಅಕ್ಷರ ಬಂದವರಿಗೆ ಅದನ್ನು ಹುಡುಕುವುದು ಒಂದು ಕ್ಷಣದ ಕೆಲಸ.

ವಿದ್ಯುತ್ತು 220 ವೋಲ್ಟಿನದೇ ಆದ್ದರಿಂದ ಮಿಕ್ಸಿ ಕೊಂಡೊಯ್ಯಬಹುದು. ಪ್ಲಗ್ ಮಾತ್ರ ಎರಡು ದುಂಡು ಕಡ್ಡಿಯದು, ಇಲ್ಲಿನ ಮೂರು ಕಡ್ಡಿಯದು ಹಿಡಿಸುವುದಿಲ್ಲ. ಆದರೆ ಬೆಳಗಿನ ಜಾವ ಆ ಮಿಕ್ಸಿಯಲ್ಲಿ ಚಟ್ನಿ ರುಬ್ಬಬಾರದು. ಅಪಾರ್ಟ್‌ಮೆಂಟಿನ ಮಹಡಿಗಳ ನಡುವಿನ ಸದ್ದು ಅಲ್ಲಿ ನೆರೆಹೊರೆಯ ಜಗಳಗಳಿಗೆ ದೊಡ್ಡ ಕಾರಣ. ರಾತ್ರಿ ಹತ್ತರ ಮೇಲೆ ಮಕ್ಕಳ ಓಟ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ನಿಲ್ಲಬೇಕು. ಮನೆ ಹೊಕ್ಕ ದಿನ ಮೇಲಿನ, ಕೆಳಗಿನ ಮನೆಗೆ ಒಂದಿಷ್ಟು ಸಿಹಿ ಕೊಟ್ಟು ಪರಿಚಯ ಹೇಳಿಕೊಳ್ಳುವುದು ಅವರ ಹಳೆಯ ರೂಢಿ. ಕೆಂಪು ಅಲಸಂದೆಯಂಥ ಕಾಳು ಹಾಕಿದ ಅಕ್ಕಿ ಕಡುಬನ್ನು ಹಂಚುತ್ತಿದ್ದರು. ಹೊಸ ಮನೆಯ ಸಿಹಿ ಹಂಚುವ ಕನ್ನಡಿಗರು ಮೈಸೂರು ಪಾಕನ್ನೇ ಕೊಟ್ಟರೂ ಸಂತೋಷಪಡುತ್ತಾರೆ.

ಕಸ ಹಾಕುವುದನ್ನು ಮಾತ್ರ ಪಾಠದಂತೆ ಕಲಿಯಬೇಕು. 1995ರ ಜನವರಿಯಿಂದ ಇಡೀ ದೇಶದಲ್ಲಿ, ಎಷ್ಟು ಕಸವೋ ಅಷ್ಟು ಹಣ ಎಂಬ ನಿಯಮ. ಆಯಾ ನಗರಸಭೆಯ ಹೆಸರು ಅಚ್ಚಾದ ಚೀಲವನ್ನು ಅಂಗಡಿಯಲ್ಲಿ ಕೊಂಡು ಅದರಲ್ಲೇ ಕಸ ಹಾಕಬೇಕು. ಒಂದು ವಾರ್ಡಿನ ಚೀಲ ಇನ್ನೊಂದರಲ್ಲಿ ಸಾಮಾನ್ಯವಾಗಿ ನಡೆಯದು. ಬೇರೆ ಚೀಲದಲ್ಲಿಟ್ಟರೆ ಕ್ಯಾಮರಾದಲ್ಲಿ ಗುರುತಾಗಿ ದಂಡ ಬರುತ್ತದೆ. ಅಡುಗೆ ಕಸ ಬೇರೆಯೇ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಅದಕ್ಕೊಂದು ಪೆಟ್ಟಿಗೆ ಇರುತ್ತದೆ: ಕಾರ್ಡು ತೋರಿಸಿದರೆ ಮುಚ್ಚಳ ತೆರೆದುಕೊಳ್ಳುತ್ತದೆ, ಸುರಿದ ಕಸವನ್ನು ತೂಗಿ ಎಷ್ಟು ಗ್ರಾಂ ಎಂದು ತೋರಿಸುತ್ತದೆ, ತಿಂಗಳ ಕೊನೆಗೆ ಲೆಕ್ಕ ಬರುತ್ತದೆ. ನೀರು ಹಿಂಡಿ ಹಾಕಿದರೆ ಹಣ ಉಳಿಯುತ್ತದೆ.

ಯಾವುದು ಅಡುಗೆ ಕಸ ಎಂಬುದರಲ್ಲೇ ಹೊಸಬರು ಎಡವುವುದು. ಅದು ಪಶು ಆಹಾರಕ್ಕೂ ಗೊಬ್ಬರಕ್ಕೂ ಹೋಗುವುದರಿಂದ, ದನ ತಿನ್ನಬಹುದೇ ಎಂದು ಕೇಳಿಕೊಂಡರೆ ಹೆಚ್ಚಿನ ಪಾಲು ಉತ್ತರ ಸಿಕ್ಕಂತೆ. ಭಾನುವಾರದ ಒಂದು ಅಡುಗೆಯ ಮಣೆಯನ್ನು ನೋಡಿದರೆ, ಬಾಳೆಹಣ್ಣಿನ ಸಿಪ್ಪೆ, ಉಳಿದ ಅನ್ನ, ಸೋರೆಕಾಯಿಯ ತಿರುಳು ಅಡುಗೆ ಕಸ. ಈರುಳ್ಳಿಯ ಒಣ ಸಿಪ್ಪೆ, ಮೊಟ್ಟೆಯ ಚಿಪ್ಪು, ಮೂಳೆ, ಮಾವಿನ ಓಟೆ, ತೆಂಗಿನ ಕರಟ, ಸೋಸಿದ ಟೀ ಸೊಪ್ಪು ಸಾಮಾನ್ಯ ಕಸದ ಚೀಲಕ್ಕೆ. ನೀರಿನ ಬಾಟಲಿಯ ಮೇಲಿನ ಹಾಳೆ ಕಿತ್ತು, ತೊಳೆದು, ಚಪ್ಪಟೆ ಮಾಡಿ ಅದಕ್ಕೆಂದೇ ಇರುವ ಡಬ್ಬಿಗೆ ಹಾಕಬೇಕು. ಪಾರದರ್ಶಕ ಬಾಟಲಿಗಳನ್ನು ಅಪಾರ್ಟ್‌ಮೆಂಟುಗಳಲ್ಲಿ 2020ರ ಡಿಸೆಂಬರಿನಿಂದ ಬೇರೆಯಾಗಿ ಸಂಗ್ರಹಿಸುತ್ತಾರೆ. ಹಳೆಯ ಮಂಚ, ಬೀರು ಎಸೆಯಲು ನಗರಸಭೆಗೆ ಹಣ ಕಟ್ಟಿ ಚೀಟಿ ಅಂಟಿಸಬೇಕು. ಕೆಲವು ವಸ್ತುಗಳ ವಿಷಯದಲ್ಲಿ ಒಂದೊಂದು ಊರಿಗೆ ಒಂದೊಂದು ನಿಯಮ ಇರುವುದರಿಂದ ಕಾವಲುಗಾರರನ್ನು ಕೇಳುವುದೇ ಸರಿ. ಅವರು ಸಾಮಾನ್ಯವಾಗಿ ವಯಸ್ಸಾದವರು, ‘ಅಜೊಶ್ಶಿ’ ಎಂದು ಕರೆದು ವಿನಯದಿಂದ ಕೇಳಿದರೆ ಕೈಹಿಡಿದು ತೋರಿಸಿಕೊಡುತ್ತಾರೆ.

ಊಟದಲ್ಲಿ ಮಾಂಸಾಹಾರಿಗಳಿಗೆ ಹೆಚ್ಚಿನ ಚಿಂತೆಯಿಲ್ಲ, ದನ ಮತ್ತು ಹಂದಿ ತಿನ್ನದವರು ಕೇಳಿ ತಿನ್ನಬೇಕು ಅಷ್ಟೆ. ಸಸ್ಯಾಹಾರಿಗಳಿಗೆ ಹಾದಿ ಕಿರಿದು. ಬರೀ ಎಲೆಕೋಸು, ಮೆಣಸಿನಪುಡಿ ಎಂದು ಕಾಣುವ ಕಿಮ್ಚಿಯಲ್ಲಿ ಉಪ್ಪು ಹಾಕಿ ಹುದುಗಿಸಿದ ಸಿಗಡಿಯೋ ಮೀನಿನ ರಸವೋ ಇರುತ್ತದೆ. ತೋಫು ಸಾರಿನ ಬುಡವೂ ಬಹುಪಾಲು ಒಣಮೀನು ಕುದಿಸಿದ ನೀರು. ‘ಗೋಗಿ ಪೆಗೊ ಜುಸೆಯೊ’ ಎಂದರೆ ಮಾಂಸ ತೆಗೆದು ಕೊಡಿ ಎಂದು, ಪದಕ್ಕೆ ಪದ ಕನ್ನಡದ್ದೇ ಕ್ರಮ. ಆದರೆ ಮೀನಿನ ಸಾರನ್ನು ಅವರು ‘ಗೋಗಿ’ಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಬೌದ್ಧ ದೇವಾಲಯಗಳ ಅಡುಗೆ ಪೂರ್ತಿ ಸಸ್ಯಾಹಾರ. ಬೆಳ್ಳುಳ್ಳಿ, ಈರುಳ್ಳಿಯ ಜಾತಿಯವನ್ನೂ ಬಳಸುವುದಿಲ್ಲ.

ಮನೆಯ ಅಡುಗೆಗೆ ಸೋಲ್‌ನ ಇತೆವೊನ್, ಕಾರ್ಮಿಕರ ನಗರ ಆನ್‌ಸಾನ್ ಮುಂತಾದೆಡೆಯ ವಿದೇಶಿ ದಿನಸಿ ಅಂಗಡಿಗಳಲ್ಲಿ ತೊಗರಿಬೇಳೆ, ಉದ್ದಿನಬೇಳೆ, ಮಸಾಲೆ ಸಾಮಾನು ಸಿಗುತ್ತವೆ. ಅಲ್ಲಿನ ಅಕ್ಕಿ ದುಂಡು, ಅಂಟು, ಚಿತ್ರಾನ್ನಕ್ಕೆ ಒಗ್ಗದು. ಊರಿನಿಂದ ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಕೊಂಡೊಯ್ದರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಿತ್ತುಕೊಂಡು ದಂಡ ಹಾಕುತ್ತಾರೆ. ಚಾಮರಾಜನಗರದ ಕಡೆಯವರಿಗೆ ಸಂತೋಷ ಕೊಡುವ ಸುದ್ದಿಯೆಂದರೆ ಸಿರಿಧಾನ್ಯ. ಕೊರಿಯಾದ ಯಾವ ಮಾರುಕಟ್ಟೆಯಲ್ಲೂ ಧಾನ್ಯದ ಅಂಗಡಿಯ ಮುಂದೆ ನಿಂತರೆ ನವಣೆ ‘ಜೊ’, ಬರಗು ‘ಗಿಜಾಂಗ್’, ಜೋಳ ‘ಸುಸು’ ಎಂಬ ಹೆಸರಿನಲ್ಲಿ ರಾಶಿ ಬಿದ್ದಿರುತ್ತವೆ. ಚಾಂದ್ರಮಾನ ಹೊಸ ವರ್ಷದ ಮೊದಲ ಹುಣ್ಣಿಮೆಗೆ ಐದು ಧಾನ್ಯದ ಅನ್ನ ಮಾಡುವುದು ಸಂಪ್ರದಾಯ. ರಾಗಿ ಮಾತ್ರ ಅವರ ಬೆಳೆಯಲ್ಲ. ಆದರೆ ‘ಮಿಸುತ್‌ಗಾರು’ ಎಂಬ ಪುಡಿಯ ಪೊಟ್ಟಣ ಒಡೆದು ಮೂಸಿದರೆ ಹುರಿಹಿಟ್ಟಿನ ವಾಸನೆ: ಬಾರ್ಲಿ, ಅಕ್ಕಿ, ಕಾಳುಗಳನ್ನು ಹುರಿದು ಬೀಸಿದ ಹಿಟ್ಟು ಅದು. ಬೇಸಿಗೆಯಲ್ಲಿ ತಣ್ಣೀರಿಗೋ ಹಾಲಿಗೋ ಕಲಸಿ ಕುಡಿಯುತ್ತಾರೆ. ಬೆಲ್ಲ ಹಾಕಿದರೆ ಮಕ್ಕಳು ಊರಿನದೇ ಎಂದು ಕುಡಿದುಬಿಡುತ್ತಾರೆ.

ಊಟಕ್ಕೆ ಕುಳಿತಾಗ ಹಿರಿಯರು ಚಮಚ ಎತ್ತುವವರೆಗೆ ಕಾಯಬೇಕು. ಅನ್ನಕ್ಕೂ ಸಾರಿಗೂ ಚಮಚ, ಪಲ್ಯಗಳಿಗೆ ಲೋಹದ ಕಡ್ಡಿ; ಬಟ್ಟಲನ್ನು ಕೈಗೆತ್ತಿಕೊಳ್ಳುವ ರೂಢಿಯಿಲ್ಲ. ಅನ್ನದಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಿಡಬಾರದು, ಅದು ಸತ್ತವರಿಗೆ ಎಡೆ ಇಡುವ ರೀತಿಯನ್ನು ನೆನಪಿಸುತ್ತದೆ. ಹಿರಿಯರಿಗೆ ಕೊಡುವಾಗ, ಅವರಿಂದ ತೆಗೆದುಕೊಳ್ಳುವಾಗ ಎರಡೂ ಕೈ, ಇಲ್ಲವೇ ಬಲಗೈಗೆ ಎಡಗೈ ತಾಗಿಸಿ. ಮದ್ಯ ಕುಡಿಯದವರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ, ನೀರು ತುಂಬಿದ ಲೋಟವನ್ನೇ ಎರಡು ಕೈಯಲ್ಲಿ ಎತ್ತಿ ಜೊತೆಗೂಡಿದರೆ ಯಾರೂ ತಪ್ಪು ತಿಳಿಯರು.

ಹೆಸರು ಹಿಡಿದು ಕರೆಯುವುದು ಅಲ್ಲಿಯೂ ಅಗೌರವ. ಕಚೇರಿಯಲ್ಲಿ ಹುದ್ದೆಯ ಹೆಸರಿಗೆ ‘ನಿಮ್’ ಸೇರಿಸುತ್ತಾರೆ, ಮೇಷ್ಟ್ರು ‘ಸೊನ್‌ಸೆಂಗ್‌ನಿಮ್’. ಹುಡುಗಿ ಅಕ್ಕನನ್ನು ‘ಒನ್ನಿ’ ಎಂದರೆ ತಮ್ಮನಾದವನು ‘ನುನಾ’ ಎನ್ನುತ್ತಾನೆ. ಊಟದ ಅಂಗಡಿಯಲ್ಲಿ ಬಡಿಸುವ ಹೆಂಗಸನ್ನು ‘ಇಮೊ’ ಎನ್ನುವವರುಂಟು, ಚಿಕ್ಕಮ್ಮ ಎಂದು ಅರ್ಥ. ಪರಿಚಯದ ಮೊದಲ ಮಾತಿಗೇ ವಯಸ್ಸು ಕೇಳುವುದು ಕೆದಕುವ ಬುದ್ಧಿಯಿಂದಲ್ಲ. ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ ಮಾತೇ ಮುಂದುವರಿಯದ ಭಾಷೆ ಅದು. ಹುಟ್ಟಿದ ದಿನವೇ ಒಂದು ವರ್ಷ ಎಂದು ಎಣಿಸುವ ಹಳೆಯ ಲೆಕ್ಕ ಇತ್ತು; 2023ರ ಜೂನ್ 28ರಿಂದ ಕಾನೂನಿನ ವ್ಯವಹಾರಕ್ಕೆ ಎಲ್ಲ ದೇಶಗಳಂತೆ ತುಂಬಿದ ವಯಸ್ಸೇ ಆಧಾರ.

ಹಣದ ಲೆಕ್ಕ ಹತ್ತು ಸಾವಿರದ ಗುಂಪಿನಲ್ಲಿ ನಡೆಯುತ್ತದೆ. ಅದಕ್ಕೆ ‘ಮಾನ್’ ಎಂದು ಹೆಸರು. ಹತ್ತು ಮಾನ್ ಎಂದರೆ ಲಕ್ಷ, ಸಾವಿರ ಮಾನ್ ಎಂದರೆ ಸರಿಯಾಗಿ ಕೋಟಿ, ‘ಒಕ್’ ಎಂದರೆ ಹತ್ತು ಕೋಟಿ. ಮಿಲಿಯನ್ನಿಗೆ ಪರಿವರ್ತಿಸಲು ಹೋಗದೆ ಲಕ್ಷ ಕೋಟಿಯಲ್ಲೇ ಎಣಿಸಿದರೆ ತಲೆನೋವಿಲ್ಲ. ಬಸ್ಸು, ಮೆಟ್ರೊಗಳಿಗೆ ಟಿ-ಮನಿ ಕಾರ್ಡು. ಹತ್ತುವಾಗಲೂ ಇಳಿಯುವಾಗಲೂ ತಾಗಿಸಬೇಕು, ಇಳಿದು ಅರ್ಧ ಗಂಟೆಯೊಳಗೆ ಇನ್ನೊಂದನ್ನು ಹಿಡಿದರೆ ಬದಲಾವಣೆಯ ರಿಯಾಯಿತಿ. ಗುಲಾಬಿ ಬಣ್ಣದ ಆಸನ ಬಸುರಿಯರಿಗೆ ಮೀಸಲು. ವಾಹನಗಳು ರಸ್ತೆಯ ಬಲಗಡೆ ಓಡುವುದರಿಂದ ದಾಟುವಾಗ ಮೊದಲು ಎಡಕ್ಕೆ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಮಾಡಿಸಬೇಕು. ದಾರಿ ಹುಡುಕಲು ಗೂಗಲ್ ನಕ್ಷೆಗಿಂತ ನೇವರ್, ಕಾಕಾವೊ ನಕ್ಷೆಗಳೇ ನಂಬಿಕೆಗೆ ಅರ್ಹ, ಏಕೆಂದರೆ ವಿವರವಾದ ನಕ್ಷೆಯ ಮಾಹಿತಿಯನ್ನು ಹೊರದೇಶಕ್ಕೆ ಒಯ್ಯಲು ಕೊರಿಯಾ ಬಹುಕಾಲ ಬಿಟ್ಟಿರಲಿಲ್ಲ. ವಾಟ್ಸಾಪಿನ ಜಾಗದಲ್ಲಿ ಅಲ್ಲಿ ಇರುವುದು ಕಾಕಾವೊಟಾಕ್.

ಆರೋಗ್ಯ ವಿಮೆ ಐಚ್ಛಿಕವಲ್ಲ. ಕೆಲಸದಲ್ಲಿರುವವರನ್ನು ಕಂಪನಿಯೇ ಸೇರಿಸುತ್ತದೆ. ಉಳಿದ ವಿದೇಶಿಯರೂ ಆರು ತಿಂಗಳಾದ ಮೇಲೆ ರಾಷ್ಟ್ರೀಯ ವಿಮೆಗೆ ಸೇರಲೇಬೇಕೆಂಬ ನಿಯಮ 2019ರ ಜುಲೈಯಿಂದ, ವಿದ್ಯಾರ್ಥಿಗಳಿಗೆ 2021ರ ಮಾರ್ಚಿನಿಂದ ಜಾರಿಯಲ್ಲಿದೆ. ಕಂತು ಬಾಕಿ ಉಳಿಸಿದರೆ ವೀಸಾ ವಿಸ್ತರಣೆಗೆ ತೊಡಕು. ಶೀತ, ಜ್ವರಕ್ಕೆ ದೊಡ್ಡ ಆಸ್ಪತ್ರೆಗೆ ಓಡದೆ ಬೀದಿಯ ಚಿಕ್ಕ ಕ್ಲಿನಿಕ್ಕಿಗೆ ಹೋದರೆ ವೆಚ್ಚದ ಸುಮಾರು ಮೂರನೇ ಒಂದು ಪಾಲು ಮಾತ್ರ ಕೈಯಿಂದ ಬೀಳುತ್ತದೆ. ಆಂಬುಲೆನ್ಸಿಗೂ ಬೆಂಕಿಗೂ 119, ಪೊಲೀಸರಿಗೆ 112. ವೀಸಾ, ನೋಂದಣಿಯ ಪ್ರಶ್ನೆಗಳಿಗೆ 1345ಕ್ಕೆ ಕರೆ ಮಾಡಿದರೆ ಇಂಗ್ಲಿಷಿನಲ್ಲೂ ಉತ್ತರ ಸಿಗುತ್ತದೆ. ಸಂಬಳ ಕೊಡದಿದ್ದರೆ ಕಾರ್ಮಿಕ ಇಲಾಖೆಯ 1350. ಭಾರತದ ರಾಯಭಾರ ಕಚೇರಿ ಸೋಲ್‌ನ ಯೊಂಗ್‌ಸಾನ್ ಜಿಲ್ಲೆಯಲ್ಲಿದೆ.

ವಿದೇಶಿಯರಿಗೆ ಮನೆ ಕೊಡಲು ಹಿಂಜರಿಯುವ ಮಾಲೀಕರು ಸಿಗುತ್ತಾರೆ, ಬಣ್ಣ ನೋಡಿ ಪಕ್ಕದ ಸೀಟು ಬಿಡುವವರೂ ಸಿಗುತ್ತಾರೆ. ನುಂಗಿಕೊಂಡು ಇರಬೇಕಾಗಿಲ್ಲ. 2009ರಲ್ಲಿ ಬುಚೊನ್ ನಗರದ ಬಸ್ಸಿನಲ್ಲಿ ಭಾರತೀಯ ಸಂಶೋಧಕರೊಬ್ಬರನ್ನು ಜನಾಂಗ ಹಿಡಿದು ನಿಂದಿಸಿದ ವ್ಯಕ್ತಿಯ ಮೇಲೆ ಅವರು ದೂರು ಕೊಟ್ಟರು, ನ್ಯಾಯಾಲಯ ಅವನಿಗೆ ದಂಡ ಹಾಕಿತು. ಅಲ್ಲಿನ ಮಾನವ ಹಕ್ಕುಗಳ ಆಯೋಗದ ಸಂಖ್ಯೆ 1331.

ವರ್ಷದಲ್ಲಿ ಎರಡು ಬಾರಿ, ಚಾಂದ್ರಮಾನ ಹೊಸ ವರ್ಷ ‘ಸೊಲ್ಲಾಲ್’ ಮತ್ತು ಸುಗ್ಗಿಯ ಹುಣ್ಣಿಮೆ ‘ಚುಸೊಕ್’ ದಿನಗಳಲ್ಲಿ, ನಗರಗಳೇ ಖಾಲಿಯಾಗಿ ಜನ ಊರಿಗೆ ಹೊರಡುತ್ತಾರೆ. ಅಂಗಡಿ, ಕ್ಲಿನಿಕ್ಕು ಮುಚ್ಚಿರುತ್ತವೆ. ದಿನಸಿ, ಮಾತ್ರೆ ಮೊದಲೇ ತಂದಿಡಬೇಕು. ರೈಲಿನ ಟಿಕೆಟ್ಟು ವಾರಗಳ ಮುಂಚೆ ಮುಗಿದಿರುತ್ತದೆ. ಚುಸೊಕ್ ಬಹುತೇಕ ವರ್ಷಗಳಲ್ಲಿ ಭಾದ್ರಪದದ ಹುಣ್ಣಿಮೆಗೇ ಬೀಳುತ್ತದೆ, ಅಂದರೆ ಇಲ್ಲಿ ಪಿತೃಪಕ್ಷ ಶುರುವಾಗುವ ಹೊತ್ತು. ಅವರೂ ಹಿರಿಯರ ಸಮಾಧಿಯ ಹುಲ್ಲು ಕೊಯ್ದು, ಹೊಸ ಅಕ್ಕಿಯ ಅನ್ನ, ಹಣ್ಣು, ಮದ್ಯ ಇಟ್ಟು ಅಡ್ಡಬೀಳುತ್ತಾರೆ. ಆ ದಿನದ ತಿಂಡಿ ‘ಸೊಂಗ್‌ಪ್ಯೊನ್’: ಅಕ್ಕಿಹಿಟ್ಟಿನ ಹಾಳೆಯೊಳಗೆ ಸಿಹಿ ಎಳ್ಳು ತುಂಬಿ, ಅರ್ಧಚಂದ್ರದಂತೆ ಮಡಿಚಿ, ಪೈನ್ ಎಲೆಯ ಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಕೊರಿಯನ್ ಸ್ನೇಹಿತರು ಹಬ್ಬಕ್ಕೆ ಕರೆದರೆ ಹಿಂಜರಿಯದೆ ಹೋಗಬೇಕು, ಕೈಯಲ್ಲಿ ಒಂದು ಪೆಟ್ಟಿಗೆ ಹಣ್ಣು ಹಿಡಿದು. ಕಡುಬು ಮಡಿಚಲು ಬರುವ ಹೆಣ್ಣುಮಕ್ಕಳನ್ನು ಆ ಮನೆಯ ಅಜ್ಜಿಯಂದಿರು ಪಕ್ಕಕ್ಕೆ ಕೂರಿಸಿಕೊಳ್ಳದೆ ಬಿಡುವುದಿಲ್ಲ.

ಬಿಟ್ಟು ಬರುವಾಗಲೂ ಒಂದು ಕ್ರಮವಿದೆ. ಮನೆ ಬಿಡುವ ಸುದ್ದಿಯನ್ನು ಕರಾರು ಮುಗಿಯುವ ಎರಡು ತಿಂಗಳ ಮೊದಲೇ ಬರಹದಲ್ಲಿ ತಿಳಿಸಬೇಕು, ಮುಂಗಡ ಕೈಗೆ ಬರುವವರೆಗೆ ವಿಳಾಸ ಬದಲಿಸಬಾರದು, ಬದಲಿಸಿದರೆ ಮೊದಲ ಹಕ್ಕು ಹೋಗುತ್ತದೆ. ಒಂದು ವರ್ಷಕ್ಕೆ ಮೇಲ್ಪಟ್ಟು ದುಡಿದವರಿಗೆ ‘ತ್ವೆಜಿಕ್‌ಗುಮ್’ ಎಂಬ ನಿವೃತ್ತಿ ಹಣ ಬರಬೇಕು. ಭಾರತ ಮತ್ತು ಕೊರಿಯಾ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2011ರಿಂದ ಜಾರಿಯಲ್ಲಿದೆ: ಭಾರತದ ಕಂಪನಿ ಕಳಿಸಿದ ನೌಕರ ಭವಿಷ್ಯನಿಧಿ ಕಚೇರಿಯ ಪತ್ರ ತಂದಿದ್ದರೆ ಅಲ್ಲಿ ಪಿಂಚಣಿ ಕಂತು ಕಟ್ಟಬೇಕಿಲ್ಲ, ಕಟ್ಟಿದವರು ಹೊರಡುವಾಗ ಆ ಹಣವನ್ನು ಒಟ್ಟಾಗಿ ವಾಪಸು ಕೇಳಬಹುದು. ಮೊಬೈಲ್ ಸಂಪರ್ಕವನ್ನು ಎಲ್ಲಕ್ಕಿಂತ ಕೊನೆಗೆ ಕಡಿಯಬೇಕು, ಬ್ಯಾಂಕಿನ ಕೆಲಸಕ್ಕೆ ಅದು ಬೇಕು. ನಿವಾಸಿ ಕಾರ್ಡನ್ನು ಇಂಚೊನ್ ವಿಮಾನ ನಿಲ್ದಾಣದ ವಲಸೆ ಅಧಿಕಾರಿಯ ಕೈಗೆ ಒಪ್ಪಿಸಿ ವಿಮಾನ ಹತ್ತಬೇಕು.